ಬ್ಯೂಪ್ರೆನಾರ್ಫಿನ್ ಮೊದಲ ಡೋಸ್: ಯಾಕೆ ಕಾಯಬೇಕು?

ಹಾಸನದಲ್ಲಿ ನನ್ನ ಜೊತೆ ಸೈಕಿಯಾಟ್ರಿ ಪೇಪರ್‌ಗೆ ಓದುತ್ತಿರುವ ನರ್ಸಿಂಗ್ ಗೆಳೆಯರಿಗೆ ಈ ಟಿಪ್ಪಣಿ.

ಹೆರಾಯಿನ್, ಅಫೀಮು, ಟ್ರಮಡಾಲ್‌ನಂಥ ಓಪಿಯಾಯ್ಡ್ ಚಟಕ್ಕೆ ಮುಖ್ಯವಾಗಿ ಮೂರು ಔಷಧಿ ಬಳಸುತ್ತಾರೆ: ಮೆಥಡೋನ್, ಬ್ಯೂಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್. ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆ ಹಾಲ್‌ನಲ್ಲಿ ಮೂರೂ ಕಲಸಿಹೋಗುತ್ತವೆ. ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿ. ಮಿದುಳಿನ ಮ್ಯೂ ರಿಸೆಪ್ಟರನ್ನು (ಓಪಿಯಾಯ್ಡ್ ಬಂದು ಕೂರುವ ಜಾಗ) ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ? ಹಿಡಿದ ಮೇಲೆ ಎಷ್ಟು ಕೆಲಸ ಮಾಡುತ್ತದೆ?

ಮೆಥಡೋನ್ ಪೂರ್ತಿ ಕೆಲಸ ಮಾಡುತ್ತದೆ, ಆದರೆ ನಿಧಾನವಾಗಿ ಏರಿ ತುಂಬಾ ಹೊತ್ತು ಇರುತ್ತದೆ. ಹಾಗಾಗಿ ದಿನಕ್ಕೊಮ್ಮೆ ಸಾಕು. ಇದರ ಮೊದಲ ದೊಡ್ಡ ವರದಿ 1965ರಲ್ಲಿ ನ್ಯೂಯಾರ್ಕಿನ ಡೋಲ್ ಮತ್ತು ನೈಸ್ವಾಂಡರ್ ಅವರಿಂದ ಬಂತು. ಇಸಿಜಿಯಲ್ಲಿ ಕ್ಯೂಟಿ (ಹೃದಯ ಬಡಿತದ ವಿದ್ಯುತ್ ಅಲೆಯ ಒಂದು ಅಳತೆ) ಉದ್ದವಾಗಬಹುದು ಅನ್ನುವುದನ್ನು ನೆನಪಿಡಿ. ನಾಲ್ಟ್ರೆಕ್ಸೋನ್ ಹಿಡಿಯುತ್ತದೆ, ಕೆಲಸ ಮಾತ್ರ ಏನೂ ಮಾಡುವುದಿಲ್ಲ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಸಕಲೇಶಪುರದ ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡಿಯುತ್ತಾರಲ್ಲ, ಹಾಗೆ. ಸೀಟಿನಲ್ಲಿ ಯಾರೂ ಕೂತಿಲ್ಲ, ಆದರೂ ಬೇರೆಯವರಿಗೆ ಜಾಗ ಇಲ್ಲ.

ಬ್ಯೂಪ್ರೆನಾರ್ಫಿನ್ ಇವೆರಡರ ನಡುವಿನದು. ಹಿಡಿತ ಬಲು ಗಟ್ಟಿ, ಕೆಲಸ ಅರ್ಧಂಬರ್ಧ. ಅರ್ಧ ಕೆಲಸ ಮಾಡುವುದರಿಂದ ಡೋಸ್ ಏರಿಸಿದರೂ ಉಸಿರಾಟ ಒಂದು ಮಿತಿ ದಾಟಿ ಕುಗ್ಗುವುದಿಲ್ಲ. ಹಿಡಿತ ಗಟ್ಟಿಯಾಗಿರುವುದರಿಂದ ಮೇಲೆ ಹೆರಾಯಿನ್ ತೆಗೆದುಕೊಂಡರೂ ಅಷ್ಟಾಗಿ ಏರುವುದಿಲ್ಲ.

ಆದರೆ ಇದೇ ಗುಣ ಮೊದಲ ದಿನ ಪೇಚಿಗೆ ಸಿಲುಕಿಸುತ್ತದೆ. ಮೈಯಲ್ಲಿ ಇನ್ನೂ ಹೆರಾಯಿನ್ ಇರುವಾಗಲೇ ಮಾತ್ರೆ ಕೊಟ್ಟಿರಿ ಅಂದುಕೊಳ್ಳಿ. ಅದು ಹೆರಾಯಿನ್ನನ್ನು ತಳ್ಳಿ ತಾನು ಕೂರುತ್ತದೆ. ಪೂರ್ತಿ ಇದ್ದ ಕೆಲಸ ತಟ್ಟನೆ ಅರ್ಧಕ್ಕೆ ಇಳಿಯುತ್ತದೆ. ವಾಂತಿ, ಭೇದಿ, ಮೈಕೈ ನೋವು ಎಲ್ಲ ಒಟ್ಟಿಗೇ ಶುರು. ಇಂಥ ಅನುಭವ ಆದವರು ಮತ್ತೆ ಚಿಕಿತ್ಸೆಗೆ ಬರಲು ಹಿಂಜರಿಯುತ್ತಾರೆ, ತಪ್ಪೇನಿಲ್ಲ ಅಲ್ವಾ?

ಅದಕ್ಕೇ ಕಾಯುವುದು. ಹೆರಾಯಿನ್‌ನಂಥ ಬೇಗ ಇಳಿಯುವ ಓಪಿಯಾಯ್ಡ್ ಆದರೆ ಕನಿಷ್ಠ 12 ಗಂಟೆ. ಮೆಥಡೋನ್ ಆದರೆ ಒಂದೆರಡು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ. ಗಡಿಯಾರವೊಂದನ್ನೇ ನಂಬಬೇಡಿ, ವಿತ್‌ಡ್ರಾಯಲ್, ಅಂದರೆ ಓಪಿಯಾಯ್ಡ್ ಇಳಿದಾಗ ಬರುವ ಸಂಕಟ, ಶುರುವಾಗಿದೆಯಾ ನೋಡಿ. ವಿತ್‌ಡ್ರಾಯಲ್ ಎಷ್ಟಿದೆ ಅಂತ ಅಂಕ ಹಾಕುವ ಕೌಸ್ (COWS) ಸ್ಕೇಲ್ ಇರುವುದು ಇದಕ್ಕೇ. 11 ಅಂಶಗಳಿವೆ. 5ರಿಂದ 12 ಅಂಕ ಸೌಮ್ಯ, 13ರಿಂದ 24 ಮಧ್ಯಮ. ಸಾಮಾನ್ಯವಾಗಿ 8ರಿಂದ 12 ದಾಟಿದ ಮೇಲೆ ಮೊದಲ ಡೋಸ್.

ಅಂಕ ಹಾಕುವಾಗ ನಮ್ಮ ಕಡೆಯವರಿಗೆ ಒಂದು ತೊಡಕಿದೆ. ಜುಲೈ ತಿಂಗಳ ಮಳೆಯಲ್ಲಿ ಮೂಡಿಗೆರೆ, ಸಕಲೇಶಪುರ ಕಡೆಯಿಂದ ಬಂದವರಲ್ಲಿ ಅರ್ಧ ಜನಕ್ಕೆ ಹೇಗೂ ಮೂಗು ಸೋರುತ್ತಿರುತ್ತದೆ! ನೆಗಡಿಯಿಂದ ಸೋರುವ ಮೂಗಿಗೆ ಅಂಕವಿಲ್ಲ ಅಂತ ಸ್ಕೇಲೇ ಹೇಳುತ್ತದೆ. ನಾಡಿಯೂ ಅಷ್ಟೆ, ಮೆಟ್ಟಿಲು ಹತ್ತಿ ಬಂದವರನ್ನು ಒಂದು ನಿಮಿಷ ಕೂರಿಸಿ ಆಮೇಲೆ ಎಣಿಸಿ. ನಾನು ಹೆಚ್ಚು ನಂಬುವುದು ಕಣ್ಣಿನ ಪಾಪೆಯನ್ನು. ಅಮಲಿನಲ್ಲಿ ಸೂಜಿಮೊನೆಯಷ್ಟು ಇದ್ದದ್ದು ವಿತ್‌ಡ್ರಾಯಲ್‌ನಲ್ಲಿ ಅಗಲವಾಗುತ್ತದೆ. ಮುಂಗೈ ಮೇಲೆ ಅಂಗೈ ಸವರಿ, ರೋಮ ನಿಂತಿದ್ದರೆ ಕೈಗೆ ಗೊತ್ತಾಗುತ್ತದೆ.

ಇನ್ನು ಮಾತ್ರೆ. ನಾಲಿಗೆ ಕೆಳಗೆ ಇಟ್ಟು ಪೂರ್ತಿ ಕರಗಬೇಕು. ನುಂಗಿದರೆ ಬಹುಪಾಲು ಲಿವರ್‌ನಲ್ಲೇ ಹೋಗಿಬಿಡುತ್ತದೆ. ಪೋಸ್ಟಿಂಗ್‌ನಲ್ಲಿ ಒಬ್ಬರು ಎಲೆ ಅಡಿಕೆ ಮೆಲ್ಲುತ್ತಲೇ ಬಂದು ಕೂತರು. ಸಿಸ್ಟರ್, "ಅಣ್ಣಾ, ಮೊದ್ಲು ಉಗಿದು ಬಾಯಿ ಮುಕ್ಕಳಿಸಿ ಬನ್ನಿ. ಕರಗೋವರೆಗೂ ಎಂಜಲು ನುಂಗ್ಬೇಡಿ, ಮಾತೂ ಆಡ್ಬೇಡಿ" ಅಂದರು. ಅವರು ತಲೆ ಆಡಿಸಿದರು. ಅಷ್ಟರಲ್ಲಿ ಫೋನ್ ಬಂತು, ಗುಟುಕ್ ಅಂತ ನುಂಗಿ "ಹಲೋ" ಅಂದರು. ಫೋನ್ ತೆಗೆದಿಡಿಸುವುದೂ ನಮ್ಮ ಕೆಲಸವೇ. ಕರಗಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಹಲ್ಲುಜ್ಜಬೇಕು. ಹಲ್ಲು ಹಾಳಾಗುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಸಿದೆ.

2 ಮಿ.ಗ್ರಾಂ ಮಾತ್ರೆಯಲ್ಲಿ 0.5 ಮಿ.ಗ್ರಾಂ ನಾಲೊಕ್ಸೋನ್ (ಓಪಿಯಾಯ್ಡ್ ಕೆಲಸವನ್ನು ತಡೆಯುವ ಔಷಧಿ) ಸೇರಿಸಿರುತ್ತಾರೆ. ನಾಲಿಗೆ ಕೆಳಗಿಟ್ಟರೆ ಅದು ಅಷ್ಟಾಗಿ ರಕ್ತಕ್ಕೆ ಸೇರುವುದಿಲ್ಲ. ಪುಡಿಮಾಡಿ ಚುಚ್ಚಿಕೊಂಡರೆ ಮಾತ್ರ ಅಮಲಿಗೆ ಅಡ್ಡ ಬರುತ್ತದೆ.

ಮನೆಯವರು ತಪ್ಪದೇ ಕೇಳುವ ಪ್ರಶ್ನೆ: "ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸ್ತೀರಾ ಮೇಡಂ?" ಇದಕ್ಕೆ ಸುಳ್ಳು ಸಮಾಧಾನ ಹೇಳಬೇಡಿ. ಮಾತ್ರೆ ತಟ್ಟನೆ ನಿಲ್ಲಿಸಿದರೆ ವಿತ್‌ಡ್ರಾಯಲ್ ಬರುವುದು ನಿಜ, ಅದನ್ನು ಒಪ್ಪಿಕೊಳ್ಳಿ. ಆಮೇಲೆ ಕೇಳಿ: ಈಗ ರಾತ್ರಿ ನಿದ್ದೆ ಮಾಡ್ತಾರಾ, ತೋಟದ ಕೆಲಸಕ್ಕೆ ಹೋಗ್ತಾರಾ, ಮನೆಯ ದುಡ್ಡು ಉಳಿಯುತ್ತಿದೆಯಾ? ಜೊತೆಗೆ ಇದನ್ನೂ ಹೇಳಲೇಬೇಕು. ಹತ್ತು ದಿನ ಅಡ್ಮಿಟ್ ಆಗಿ, ಯಾವ ಔಷಧಿಯೂ ಇಲ್ಲದೆ ಮನೆಗೆ ಹೋದವರ ಮೈ ಹಳೆಯ ಡೋಸ್ ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಮತ್ತೆ ಅಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಔಷಧಿ ಎಷ್ಟು ದಿನ ಅನ್ನುವುದಕ್ಕೆ ಒಂದೇ ಲೆಕ್ಕವಿಲ್ಲ. ತಿಂಗಳುಗಳು, ಬಹಳ ಜನಕ್ಕೆ ವರ್ಷಗಳು. ಗರ್ಭಿಣಿಯರಲ್ಲೂ ಔಷಧಿ ಮುಂದುವರಿಸುವುದೇ ಸರಿ.

ಮದ್ಯ, ನಿದ್ದೆ ಮಾತ್ರೆ ಜೊತೆ ಸೇರಿದರೆ ಮೇಲೆ ಹೇಳಿದ ಉಸಿರಾಟದ ಮಿತಿಯನ್ನು ನಂಬುವಂತಿಲ್ಲ. "ಕುಡೀತೀರಾ?" ಅಂದರೆ "ಇಲ್ಲ" ಅಂತಾರೆ. "ಬಟವಾಡೆ ದಿನ?" ಅಂತ ಕೇಳಿ ನೋಡಿ.

ನಾಲ್ಟ್ರೆಕ್ಸೋನ್‌ಗೆ 7ರಿಂದ 10 ದಿನ ಓಪಿಯಾಯ್ಡ್ ಮುಟ್ಟಿರಬಾರದು. ದಿನಕ್ಕೆ 50 ಮಿ.ಗ್ರಾಂ, ಮನೆಯವರು ಯಾರಾದರೂ ಎದುರಿಗೆ ನಿಂತು ಕೊಟ್ಟರೆ ಒಳ್ಳೆಯದು. ಬೈಕ್ ಅಪಘಾತವಾದರೆ ಮಾರ್ಫಿನ್‌ನಂಥ ನೋವಿನ ಔಷಧಿ ಸರಿಯಾಗಿ ಹಿಡಿಯುವುದಿಲ್ಲ, ಜೇಬಿನಲ್ಲಿ ಚೀಟಿ ಇರಲಿ.

ಕಾನೂನಿನದು ಚಿಕ್ಕ ಪ್ರಶ್ನೆ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಡಿ ಬ್ಯೂಪ್ರೆನಾರ್ಫಿನ್‌ಗೂ ನಿಯಂತ್ರಣವಿದೆ. ಮೆಥಡೋನ್, ಬ್ಯೂಪ್ರೆನಾರ್ಫಿನ್ ಎರಡೂ 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿ ಸೇರಿದವು. ಮನೆಯವರಿಗೆ ಕೊಡಬೇಕಾದ ನಂಬರ್‌ಗಳು: ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446.

ಕೊನೆಗೆ ವೈವಾದಲ್ಲಿ ಕೇಳಬಹುದಾದದ್ದು: ಓವರ್‌ಡೋಸ್ ಆದವರಿಗೆ ನಾಲೊಕ್ಸೋನ್ ಕೊಟ್ಟಿರಿ, ಎದ್ದು ಕೂತರು, ಮನೆಗೆ ಕಳಿಸಬಹುದಾ? ಕೂಡದು. ನಾಲೊಕ್ಸೋನ್ 30ರಿಂದ 90 ನಿಮಿಷಕ್ಕೆ ಇಳಿಯುತ್ತದೆ. ಒಳಗೆ ಮೆಥಡೋನ್ ಇದ್ದರೆ ಅದು ಇನ್ನೂ ಬಹಳ ಹೊತ್ತು ಇರುತ್ತದೆ. ಬೆಡ್ ಪಕ್ಕದಲ್ಲೇ ಇದ್ದು ಉಸಿರು ಎಣಿಸುತ್ತಿರಿ.