ಹೂವು ನೋಡಿ ಫಸಲು ಹೇಳೋದು: ಬ್ಯಾಸ್ಕೆಟ್‌ಬಾಲ್ ಹುಡುಗರನ್ನು ಅಳೆಯುವ ಬಗ್ಗೆ ನನ್ನ ಟಿಪ್ಪಣಿ

ಮಾರ್ಚ್‌ನಲ್ಲಿ ಒಂದು ಒಳ್ಳೆ ಮಳೆ ಬಿದ್ದು ಕಾಫಿ ಹೂವು ಬಿಟ್ಟ ವಾರ ನಮ್ಮ ಕೊಡಗಿನಲ್ಲಿ ಎಲ್ಲರೂ ಜ್ಯೋತಿಷಿಗಳೇ. ತೋಟದ ಪಕ್ಕ ಬೈಕ್ ನಿಲ್ಲಿಸಿ, ಬೆಳ್ಳಗೆ ತುಂಬಿದ ಗಿಡ ನೋಡಿ, ಈ ಸಲ ಇಷ್ಟು ಮೂಟೆ ಗ್ಯಾರಂಟಿ ಅಂತ ಹೇಳಿಬಿಡುತ್ತಾರೆ. ಆಮೇಲೆ ಬರಬೇಕಾದ ಎರಡನೇ ಮಳೆ ಬರುವುದಿಲ್ಲ. ಬಂದರೂ ಜುಲೈನಲ್ಲಿ ವಾರಗಟ್ಟಲೆ ಸುರಿದು ಕಾಯಿ ಕೊಳೆತು ಉದುರುತ್ತದೆ. ಹದಿನಾರು ವರ್ಷದ ಹುಡುಗನ ಒಂದು ಮ್ಯಾಚ್ ನೋಡಿ "ಇವನು ಪ್ರೊ ಆಗ್ತಾನೆ" ಅನ್ನುವುದೂ ಇದೇ ಥರದ ಮಾತು.

ನಾನು ದೈಹಿಕ ಶಿಕ್ಷಣದ ಬಿಪಿಎಡ್ ಓದುತ್ತಾ, ಸಂಜೆ ಹೊತ್ತು ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಾ ಬರೆದುಕೊಂಡ ಟಿಪ್ಪಣಿ ಇದು. ಜೊತೆಗೆ ಓದುವವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಹಾಕಿ ಊರಲ್ಲಿ ಕೂತು ಬ್ಯಾಸ್ಕೆಟ್‌ಬಾಲ್ ಬಗ್ಗೆ ಬರೀತಾನೆ ಅಂತ ಬೈಬೇಡಿ, ಹಾಕಿ ಮಾತೂ ಮುಂದೆ ಬರುತ್ತದೆ.

ಮೊದಲು ಜಾಗ ಎಷ್ಟು ಇಕ್ಕಟ್ಟು ಅಂತ ನೋಡಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ 30 ತಂಡ. ತಂಡಕ್ಕೆ 15 ಕಾಯಂ ಆಟಗಾರರು ಅಂದರೂ ಒಟ್ಟು 450 ಜಾಗ. ಅಷ್ಟೂ ಈಗಾಗಲೇ ತುಂಬಿವೆ. ಪ್ರತಿ ವರ್ಷ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಕಾರ್ಯಕ್ರಮದಲ್ಲಿ, ಎರಡು ಸುತ್ತು ಸೇರಿ ಸುಮಾರು 60 ಹುಡುಗರನ್ನು ಆರಿಸುತ್ತಾರೆ. ಒಬ್ಬ ಹೊಸಬ ಉಳಿಯಬೇಕು ಅಂದರೆ ಇರುವವನೊಬ್ಬ ಎದ್ದು ಹೋಗಬೇಕು. ಹಾಗಾಗಿ "ಹುಡುಗ ಚೆನ್ನಾಗಿ ಆಡ್ತಾನಾ?" ಅಂತ ಕೇಳಿದರೆ ಸಾಲದು. ಅಲ್ಲಿಗೆ ಬರುವವರೆಲ್ಲ ಚೆನ್ನಾಗಿಯೇ ಆಡುತ್ತಾರೆ. ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದಪ್ಪಗೆ ಬರೆದುಕೊಂಡ ಪ್ರಶ್ನೆ ಬೇರೆ: ಎದುರಿಗಿರುವವನೂ ಇವನಷ್ಟೇ ಎತ್ತರ, ಇವನಷ್ಟೇ ವೇಗ ಇದ್ದರೆ ಇವನ ಆಟದಲ್ಲಿ ಏನು ಉಳಿಯುತ್ತದೆ?

ಈ ಪ್ರಶ್ನೆ ನಾನು ಪುಸ್ತಕದಿಂದ ಕಲಿತದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಹೋದ ವರ್ಷ ತಾಲ್ಲೂಕು ಮಟ್ಟದ ಮ್ಯಾಚ್‌ನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ 30 ಪಾಯಿಂಟ್ ಹೊಡೆದ. ಆರಡಿ ಒಂದಿಂಚು ಎತ್ತರ, ಮೀಸೆ ಬೇರೆ ಬಂದಿದೆ. ರಿಂಗ್ ಕೆಳಗೆ ನಿಂತು ಕೈ ಎತ್ತಿದರೆ ಮುಗೀತು, ಉಳಿದವರು ಅವನ ಮೊಣಕೈ ಹತ್ತಿರ ಹಾರುತ್ತಿದ್ದರು. ನಾನು ಅವನ ಹೆಸರಿನ ಮುಂದೆ "ಸ್ಟಾರ್" ಅಂತ ಬರೆದು ಎರಡು ಗೆರೆ ಎಳೆದೆ. ಮೂರು ವಾರದ ನಂತರ ಜಿಲ್ಲಾ ಮಟ್ಟದಲ್ಲಿ ಅವನಷ್ಟೇ ಎತ್ತರದ ಇಬ್ಬರು ಎದುರಾದರು. ಮೊದಲ ಮೂರು ಶಾಟ್‌ಗಳೂ ಬ್ಲಾಕ್ ಆದವು. ಎಡಗೈಯಲ್ಲಿ ಚೆಂಡು ಮುಟ್ಟುವುದೇ ಗೊತ್ತಿಲ್ಲ ಅಂತ ಆವತ್ತು ಕಂಡಿತು. ಮೊದಲೂ ಅದು ಕಾಣುತ್ತಿತ್ತು, ನಾನು ನೋಡಿರಲಿಲ್ಲ ಅಷ್ಟೇ.

ಅದೇ ದಿನ ಹುಡುಗಿಯರ ಮ್ಯಾಚ್‌ನಲ್ಲಿ ಐದಡಿ ಮೂರಿಂಚಿನ ಒಬ್ಬಳು ಬರೀ ಎಂಟು ಪಾಯಿಂಟ್ ಮಾಡಿದಳು. ಸ್ಕೋರ್ ಶೀಟ್ ನೋಡಿದರೆ ಯಾರೂ ಗಮನಿಸುವುದಿಲ್ಲ. ಆದರೆ ಪಾಸ್ ಅವಳ ಕೈ ಸೇರುವ ಮುಂಚೆಯೇ ಅವಳ ಕತ್ತು ಎರಡು ಸಲ ತಿರುಗುತ್ತಿತ್ತು, ಒಮ್ಮೆ ಎಡಕ್ಕೆ, ಒಮ್ಮೆ ಹಿಂದಕ್ಕೆ. ಚೆಂಡು ಬಂದಾಗ ಎಲ್ಲಿಗೆ ಕಳಿಸಬೇಕು ಅಂತ ಆಗಲೇ ತೀರ್ಮಾನ ಆಗಿರುತ್ತಿತ್ತು. ಎದುರಾಳಿ ಎಷ್ಟೇ ಎತ್ತರ ಇರಲಿ, ಈ ಕತ್ತು ತಿರುಗಿಸುವ ಅಭ್ಯಾಸವನ್ನು ಬ್ಲಾಕ್ ಮಾಡಕ್ಕಾಗಲ್ಲ.

ದೊಡ್ಡ ಮಟ್ಟದಲ್ಲಿ ಇದರ ಉದಾಹರಣೆ ನಿಕೋಲಾ ಯೋಕಿಚ್. 2014ರ ಡ್ರಾಫ್ಟ್‌ನಲ್ಲಿ 41ನೆಯವನಾಗಿ ಆಯ್ಕೆಯಾದ ಸರ್ಬಿಯಾದ ಹುಡುಗ. ಅವನ ಹೆಸರು ಘೋಷಣೆ ಆದಾಗ ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು. ನಿಧಾನ ಓಟ, ಹೆಚ್ಚು ಹಾರುವುದೂ ಇಲ್ಲ, ನೋಡಿದರೆ ಆಟಗಾರ ಅಂತ ಅನಿಸುವುದೇ ಇಲ್ಲ. ಆದರೆ ಪಾಸ್ ಕಣ್ಣು, ಕೈಯ ಹದ, ಎಲ್ಲರಿಗಿಂತ ಅರ್ಧ ಸೆಕೆಂಡ್ ಮುಂಚೆ ಯೋಚನೆ. 2021, 2022, 2024ರಲ್ಲಿ ಎಂವಿಪಿ (ಸೀಸನ್ನಿನ ಶ್ರೇಷ್ಠ ಆಟಗಾರ), 2023ರಲ್ಲಿ ಡೆನ್ವರ್ ತಂಡಕ್ಕೆ ಚಾಂಪಿಯನ್ ಪಟ್ಟ. ಕಾಲಿನ ಬಲದಿಂದ ಬಂದ ಆಟ ಆಗಿದ್ದರೆ ಮೇಲಿನ ಮಟ್ಟದಲ್ಲಿ ಸಮಬಲರು ಸಿಕ್ಕ ಕೂಡಲೇ ಕರಗಿಹೋಗುತ್ತಿತ್ತು.

ಉಲ್ಟಾ ಉದಾಹರಣೆ 2003ರದ್ದು. ಮೊದಲ ಆಯ್ಕೆ ಲೆಬ್ರಾನ್ ಜೇಮ್ಸ್, ಅದರಲ್ಲಿ ತಕರಾರಿಲ್ಲ. ಎರಡನೆಯವನಾಗಿ ಡೆಟ್ರಾಯಿಟ್ ತಂಡ ಆರಿಸಿದ್ದು ಡಾರ್ಕೊ ಮಿಲಿಚಿಚ್‌ನನ್ನು. ಏಳಡಿ ಎತ್ತರ, ಆಗ ತಾನೇ 18 ತುಂಬಿದ್ದವ, ಖಾಲಿ ಜಿಮ್‌ನಲ್ಲಿ ಒಬ್ಬನೇ ಚೆಂಡು ಹಾಕಿ ತೋರಿಸಿದಾಗ ನೋಡಿದವರು ಮರುಳಾಗಿದ್ದರು. ಅವನ ನಂತರ ಆಯ್ಕೆಯಾದವರು ಕಾರ್ಮೆಲೊ ಆಂಥೊನಿ, ಕ್ರಿಸ್ ಬಾಷ್, ಡ್ವೇನ್ ವೇಡ್. ಮೂವರೂ ದೊಡ್ಡ ಆಟಗಾರರಾದರು, ಡಾರ್ಕೊ ಬೆಂಚ್ ಮೇಲೆ ಕೂತ. ಖಾಲಿ ಜಿಮ್‌ನಲ್ಲಿ ಎದುರಾಳಿ ಇರುವುದಿಲ್ಲ, ಅಲ್ವಾ? ಆಯ್ಕೆ ಟ್ರಯಲ್ಸ್‌ನಲ್ಲಿ ಕೋನ್ ಇಟ್ಟು ಓಡಿಸಿ ಮಾರ್ಕ್ಸ್ ಹಾಕುವ ನಮ್ಮ ಪದ್ಧತಿಗೂ ಈ ಕಾಯಿಲೆ ಇದೆ. ಐದು ನಿಮಿಷ ಮೂರು ಜನರ ವಿರುದ್ಧ ಮೂರು ಜನ ಆಡಿಸಿ, ಅರ್ಧ ಗಂಟೆಯ ಕೋನ್ ಓಟಕ್ಕಿಂತ ಜಾಸ್ತಿ ಗೊತ್ತಾಗುತ್ತದೆ.

ಹಾಗಂತ ಎತ್ತರ ಲೆಕ್ಕಕ್ಕಿಲ್ಲ ಅಂತಲ್ಲ. ರಿಂಗ್ 10 ಅಡಿ ಮೇಲಿದೆ, ಅದು ಯಾರಿಗೂ ಬಗ್ಗುವುದಿಲ್ಲ. ಆದರೆ ತಲೆಯ ಎತ್ತರದ ಜೊತೆ ಕೈಯ ಉದ್ದವನ್ನೂ ಅಳೆಯಿರಿ. ಗೋಡೆಗೆ ಬೆನ್ನು ಒತ್ತಿ ನಿಲ್ಲಿಸಿ, ಎರಡೂ ಕೈ ಅಗಲಿಸಿ, ನಡುಬೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಟೇಪ್ ಹಿಡಿದರೆ ಆಯಿತು. ನಮ್ಮಂಥ ಸಾಮಾನ್ಯರಲ್ಲಿ ಕೈ ಅಗಲವೂ ಎತ್ತರವೂ ಹೆಚ್ಚುಕಡಿಮೆ ಒಂದೇ. ಎನ್‌ಬಿಎ ಆಟಗಾರರಲ್ಲಿ ಕೈ ಅಗಲ ಸಾಮಾನ್ಯವಾಗಿ ಕೆಲವು ಇಂಚು ಜಾಸ್ತಿ ಇರುತ್ತದೆ. ಮುಂದೆ ದೊಡ್ಡ ಆಟಗಾರನಾದ ಕವಾಯ್ ಲೆನಾರ್ಡ್ ಸುಮಾರು ಆರಡಿ ಏಳಿಂಚು, ಕೈ ಅಗಲ ಏಳಡಿ ಮೂರಿಂಚು. 2011ರಲ್ಲಿ 15ನೆಯವನಾಗಿ ಆಯ್ಕೆಯಾದ. ಇನ್ನು ಕೆವಿನ್ ಡ್ಯುರಾಂಟ್ 2007ರ ಡ್ರಾಫ್ಟ್ ಮುಂಚಿನ ದೈಹಿಕ ಪರೀಕ್ಷೆಯಲ್ಲಿ 185 ಪೌಂಡ್, ಅಂದರೆ ಸುಮಾರು 84 ಕೆಜಿ ತೂಕವನ್ನು ಮಲಗಿ ಒಂದು ಸಲವೂ ಎತ್ತಲಿಲ್ಲ. ಏನಾಯಿತು? ಆದರೂ ದೊಡ್ಡ ಆಟಗಾರನೇ ಆದ. ತೋಳಿನ ಬಲವನ್ನು ಆಮೇಲೆ ಬೆಳೆಸಬಹುದು, ತೋಳಿನ ಉದ್ದವನ್ನಲ್ಲ.

ನಮ್ಮ ದೇಶದ ಕಥೆಯನ್ನೂ ಇಲ್ಲೇ ಹೇಳಬೇಕು. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್, ಏಳಡಿ ಎರಡಿಂಚು. 2015ರಲ್ಲಿ ಡಲ್ಲಾಸ್ ಮ್ಯಾವೆರಿಕ್ಸ್ ತಂಡ 52ನೆಯವನಾಗಿ ಆರಿಸಿತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಆದರೆ ಎನ್‌ಬಿಎ ಲೀಗ್ ಮ್ಯಾಚ್ ಒಂದೂ ಆಡಲಿಲ್ಲ. ಅವನ ಶ್ರಮದಲ್ಲಿ ಕೊರತೆ ಹುಡುಕುವುದು ಅನ್ಯಾಯ. ನನ್ನ ಲೆಕ್ಕದಲ್ಲಿ ಅವನು ಹೋದ ಹೊತ್ತೇ ಸರಿಯಿರಲಿಲ್ಲ. ಆ ವರ್ಷಗಳಲ್ಲೇ ಆಟ ರಿಂಗ್ ಕೆಳಗಿಂದ ಮೂರು ಪಾಯಿಂಟ್ ಗೆರೆಯ ಕಡೆ ಸರಿಯುತ್ತಿತ್ತು. ಎತ್ತರದವನೂ ಹೊರಗೆ ಬಂದು ಚಿಕ್ಕ, ಚುರುಕು ಗಾರ್ಡ್‌ಗಳ ಹಿಂದೆ ಪಕ್ಕಕ್ಕೆ ಜಾರುತ್ತಾ ಕಾಯಬೇಕು ಅನ್ನುವ ಕಾಲ ಬಂತು. ಇಪ್ಪತ್ತು ವರ್ಷ ಮುಂಚೆ ಹುಟ್ಟಿದ್ದರೆ ಅದೇ ದೇಹಕ್ಕೆ ಬೇರೆ ಬೆಲೆ ಸಿಗುತ್ತಿತ್ತೇನೋ.

ಪಕ್ಕಕ್ಕೆ ಜಾರುವ ಮಾತು ಬಂತಲ್ಲ, ಹಾಕಿ ಇಲ್ಲಿಗೆ ಬರುತ್ತದೆ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲೆ ನಮ್ಮಲ್ಲಿ ಅಜ್ಜಿಯರೂ ಗ್ಯಾಲರಿಯಲ್ಲಿ ಕೂತು "ಆ ಹುಡುಗನ ಕಾಲು ನೋಡು" ಅನ್ನುತ್ತಾರೆ. ಕೈ ನೋಡು ಅನ್ನುವುದಿಲ್ಲ. ಹಾಕಿ ಆಡಿ ಬಂದ ಮಕ್ಕಳು ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಬಂದರೆ ಡಿಫೆನ್ಸ್‌ನಲ್ಲಿ ಸೊಂಟ ತಾನಾಗಿಯೇ ತಗ್ಗುತ್ತದೆ, ಪಾದ ಅಡ್ಡ ಬೀಳುವುದಿಲ್ಲ. ಅವರಿಗೆ ಶಾಟ್ ಹೇಳಿಕೊಟ್ಟರೆ ಸಾಕು. ಎನ್‌ಬಿಎಯ ದೊಡ್ಡ ಆಟಗಾರ ಹಕೀಮ್ ಒಲಾಜುವಾನ್ ಕೂಡ ನೈಜೀರಿಯಾದಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದವ, ಹ್ಯಾಂಡ್‌ಬಾಲ್ ಆಡಿದವ, ಬ್ಯಾಸ್ಕೆಟ್‌ಬಾಲ್ ಹಿಡಿದದ್ದು ಹದಿಹರೆಯದಲ್ಲಿ. 1984ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಅವನೇ. ಹಾಗಾಗಿ ಹುಡುಗನ ಹತ್ತಿರ "ಮುಂಚೆ ಏನು ಆಡ್ತಿದ್ದೆ?" ಅಂತ ಕೇಳಿ ಬರೆದುಕೊಳ್ಳಿ.

ಅದೇ ವರ್ಷ ಪೋರ್ಟ್‌ಲೆಂಡ್ ತಂಡ ಎರಡನೆಯವನಾಗಿ ಸ್ಯಾಮ್ ಬೋವಿಯನ್ನು ತೆಗೆದುಕೊಂಡು ಮೈಕಲ್ ಜೋರ್ಡನ್‌ನನ್ನು ಮೂರನೆಯವರಿಗೆ ಬಿಟ್ಟುಕೊಟ್ಟದ್ದು ಎಲ್ಲರಿಗೂ ಗೊತ್ತು. ಸುಮ್ನೆ ನಗುವುದಕ್ಕಿಂತ ಕಾರಣ ನೋಡಿ. ಜೋರ್ಡನ್ ಆಡುವ ಜಾಗದಲ್ಲಿ ಅವರ ಹತ್ತಿರ ಕ್ಲೈಡ್ ಡ್ರೆಕ್ಸ್ಲರ್ ಇದ್ದ, ಬೇಕಾಗಿದ್ದದ್ದು ಸೆಂಟರ್, ಅಂದರೆ ರಿಂಗ್ ಹತ್ತಿರ ಆಡುವ ಎತ್ತರದವ. ಜಾಗ ತುಂಬಲು ಹೋಗಿ ಆಟಗಾರನನ್ನು ಬಿಟ್ಟರು. ಬೋವಿ ಕಾಲಿನ ಮೂಳೆ ಪೆಟ್ಟಿನಿಂದ ಕಾಲೇಜಿನಲ್ಲೇ ಎರಡು ಸೀಸನ್ ಕಳೆದುಕೊಂಡಿದ್ದ ಕೂಡ. ಗಾಯದ ವಿಷಯದಲ್ಲಿ ಮಾತ್ರ ನನಗೆ ಯಾವ ನಿಯಮವೂ ಸಿಕ್ಕಿಲ್ಲ. 2007ರ ಮೊದಲ ಆಯ್ಕೆ ಗ್ರೆಗ್ ಓಡನ್ ಮೊಣಕಾಲಿನಿಂದ ಮುಗಿದುಹೋದ, 2014ರಲ್ಲಿ ಆಯ್ಕೆಯಾದ ಜೋಯೆಲ್ ಎಂಬೀಡ್ ಮೊದಲ ಎರಡು ಸೀಸನ್ ಪೂರ್ತಿ ಹೊರಗಿದ್ದೂ ಎಂವಿಪಿ ಆದ.

ಈಗ ಲೆಕ್ಕ. ಬೇಜಾರು ಮಾಡ್ಕೋಬೇಡಿ, ಎರಡೇ ಲೆಕ್ಕ.

ಒಂದು, ಪಾಯಿಂಟ್ ಎಷ್ಟು ಅನ್ನುವುದಲ್ಲ, ಎಷ್ಟು ಶಾಟ್ ಖರ್ಚು ಮಾಡಿ ಬಂತು ಅನ್ನುವುದು. ನಮ್ಮ ಸ್ಟಾರ್ ಹುಡುಗನ 30 ಪಾಯಿಂಟ್‌ಗೆ 28 ಶಾಟ್, 8 ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಸಿಗುವ ಎಸೆತ) ಬೇಕಾಯಿತು. ಫ್ರೀ ಥ್ರೋ ಸಂಖ್ಯೆಯನ್ನು 0.44ರಿಂದ ಗುಣಿಸಿ ಶಾಟ್‌ಗಳಿಗೆ ಕೂಡಿ, ಎರಡರಿಂದ ಗುಣಿಸಿ, ಪಾಯಿಂಟನ್ನು ಅದರಿಂದ ಭಾಗಿಸಿ. 28ಕ್ಕೆ 3.52 ಸೇರಿ 31.52, ಅದರ ಎರಡು ಪಟ್ಟು 63.04, ಉತ್ತರ 0.48ರ ಹತ್ತಿರ. ಇದು ಜಾಸ್ತಿ ಇದ್ದಷ್ಟೂ ಒಳ್ಳೆಯದು. ಅದೇ ಮ್ಯಾಚ್‌ನಲ್ಲಿ ಎದುರು ತಂಡದ ಇನ್ನೊಬ್ಬ 9 ಶಾಟ್, 4 ಫ್ರೀ ಥ್ರೋದಲ್ಲಿ 16 ಪಾಯಿಂಟ್ ಮಾಡಿದ್ದ. ಅವನದ್ದು 0.74. ತನ್ನ ಎತ್ತರಕ್ಕೆ ಸರಿಸಮ ಯಾರೂ ಇಲ್ಲದ ಕಡೆಯೇ 0.48 ಅಂದರೆ ಮುಂದೆ ಕಷ್ಟ ಇದೆ ಅಂತ ಅಲ್ಲೇ ಬರೆದಿತ್ತು. ನಾನು ಚಪ್ಪಾಳೆ ತಟ್ಟುತ್ತಿದ್ದೆ.

ಎರಡು, ಫ್ರೀ ಥ್ರೋ. ಯಾರೂ ಅಡ್ಡ ಬರುವುದಿಲ್ಲ, ದೂರ ಯಾವಾಗಲೂ ಒಂದೇ, ಹಾಗಾಗಿ ಕೈಯ ಹದ ಅಳೆಯಲು ಇಷ್ಟು ಸ್ವಚ್ಛ ಪರೀಕ್ಷೆ ಇನ್ನೊಂದಿಲ್ಲ. ಮುಂದೆ ಇವನಿಗೆ ದೂರದ ಶಾಟ್ ಬರುತ್ತದಾ ಅಂತ ತಿಳಿಯಲು ಡ್ರಾಫ್ಟ್ ಅಂಕಿ ನೋಡುವವರು ಕಾಲೇಜಿನ ಮೂರು ಪಾಯಿಂಟ್ ಶೇಕಡಾವಾರು ಜೊತೆ ಫ್ರೀ ಥ್ರೋ ಶೇಕಡಾವಾರನ್ನೂ ನೋಡುತ್ತಾರೆ. ಎನ್‌ಬಿಎಯ ಮೂರು ಪಾಯಿಂಟ್ ಗೆರೆ 7.24 ಮೀಟರ್, ನಾವು ಆಡುವ ಅಂತರರಾಷ್ಟ್ರೀಯ ಗೆರೆ 6.75 ಮೀಟರ್ ಅನ್ನುವುದೂ ನೆನಪಿರಲಿ. ಆದರೆ ಎಚ್ಚರ: 20 ಎಸೆತದಲ್ಲಿ 14 ಬಿತ್ತು, 70 ಪರ್ಸೆಂಟ್ ಅಂತ ಬರೆದುಬಿಟ್ಟರೆ ಅದು ಬರೀ ಗಾಳಿ. ಅಷ್ಟು ಕಡಿಮೆ ಎಸೆತದಲ್ಲಿ ಅವನ ನಿಜವಾದ ಮಟ್ಟ 50ರಿಂದ 90ರ ಒಳಗೆ ಎಲ್ಲಿ ಬೇಕಾದರೂ ಇರಬಹುದು. 200 ಎಸೆತದಲ್ಲಿ 140 ಬಿದ್ದರೆ ಆ ಅಂತರ ಸುಮಾರು 63ರಿಂದ 77ಕ್ಕೆ ಇಳಿಯುತ್ತದೆ. ಒಂದೇ ದಿನ ಎಸೆಯಬೇಕಿಲ್ಲ, ದಿನಕ್ಕೆ 20ರಂತೆ ಹತ್ತು ದಿನ ಬರೆದಿಟ್ಟರೆ ಆಯಿತು.

ವಯಸ್ಸಿನ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಶಾಲಾ ಕ್ರೀಡಾಕೂಟದಲ್ಲಿ ಗೆಲ್ಲುವುದು ಬಹಳ ಸಲ ಮೀಸೆ ಬಂದವರ ಟೀಮು. ಹದಿನೇಳರ ಒಳಗಿನ ವಿಭಾಗದಲ್ಲಿ ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಹನ್ನೊಂದು ತಿಂಗಳ ವ್ಯತ್ಯಾಸ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಅಂದರೆ ಮೂರು ಇಂಚು, ಹತ್ತು ಕೆಜಿ ಆಗಿರಬಹುದು. ಬೇಗ ಬೆಳೆದವನು ಬೇಗ ನಿಲ್ಲುವುದೂ ಉಂಟು. ಮುಂದೆ ದೊಡ್ಡ ಆಟಗಾರನಾದ ಯಾನಿಸ್ ಆಂಟೆಟೊಕೌಂಪೊ 2013ರಲ್ಲಿ ಆಯ್ಕೆಯಾಗುವಾಗ ಗ್ರೀಸ್‌ನ ಎರಡನೇ ದರ್ಜೆ ಲೀಗ್‌ನಲ್ಲಿ ಆಡುತ್ತಿದ್ದ 18ರ ಬಡಕಲು ಹುಡುಗ, 15ನೇ ಆಯ್ಕೆ. ಆಯ್ಕೆಯಾದ ಮೇಲೂ ಎತ್ತರ ಬೆಳೆದ. ಅದೇ ಸಲದ ಮೊದಲ ಆಯ್ಕೆ ಆಂಥೊನಿ ಬೆನೆಟ್ ನಾಲ್ಕು ಸೀಸನ್‌ನಲ್ಲಿ ಲೀಗ್‌ನಿಂದಲೇ ಹೊರಗೆ. ಆದ್ದರಿಂದ ನೋಟ್‌ಬುಕ್‌ನಲ್ಲಿ ಎತ್ತರದ ಪಕ್ಕ ಹುಟ್ಟಿದ ತಿಂಗಳು ಬರೆಯಿರಿ, ಸಾಧ್ಯವಾದರೆ ಅಪ್ಪ ಅಮ್ಮನ ಎತ್ತರವನ್ನೂ.

ವಯಸ್ಸಿನ ಜೊತೆ ಅಭ್ಯಾಸದ ದಿನಗಳನ್ನೂ ಎಣಿಸಬೇಕು. ಇದು ನಮಗೆ ಮಾತ್ರ ಅರ್ಥ ಆಗುವ ಮಾತು. ಜೂನ್ ಬಂತು ಅಂದರೆ ಸಿಮೆಂಟ್ ಕೋರ್ಟ್ ಪಾಚಿ ಕಟ್ಟಿ ಹಸಿರಾಗುತ್ತದೆ, ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ಕಡ್ಡಿ ಪೊರಕೆಯಲ್ಲಿ ಉಜ್ಜಿದರೂ ಎರಡು ದಿನಕ್ಕೆ ಮತ್ತೆ ಜಾರುತ್ತದೆ. ಮಳೆ ನಿಂತ ಮೇಲೆ ನಾವು ಆಡುವುದು ಒಂದು ತೋಟದ ಕಾಫಿ ಕಣದಲ್ಲಿ, ಗೋಡೌನ್ ಗೋಡೆಗೆ ರಿಂಗ್ ಹೊಡೆದಿದ್ದೇವೆ. ಕೊಯ್ಲು ಶುರುವಾದರೆ ಅಲ್ಲಿ ಕಾಫಿ ಹರಡುತ್ತಾರೆ, ಫೆಬ್ರವರಿ ಮುಗಿಯುವವರೆಗೆ ಆ ಕಡೆ ಚೆಂಡು ಹೋದರೆ ತೋಟದ ಲೆಕ್ಕ ನೋಡುವ ರೈಟರ್ ಕೂಗುತ್ತಾರೆ. ಇಷ್ಟರ ನಡುವೆ ಆಡಿ ಕಲಿತ ಹುಡುಗನನ್ನೂ, ಸೂರಿನ ಕೆಳಗೆ ವರ್ಷವಿಡೀ ಆಡಿದ ಬೆಂಗಳೂರಿನ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಇವತ್ತು ಇಬ್ಬರ ಆಟ ಸಮ ಅನಿಸಿದರೆ ನಾನು ಕಣದ ಹುಡುಗನ ಕಡೆ ಬಾಜಿ ಕಟ್ಟುತ್ತೇನೆ.

ಕೊನೆಗೆ ಪೋಷಕರ ವಿಷಯ. "ಸರ್, ಇವನಿಗೆ ಭವಿಷ್ಯ ಇದೆಯಾ?" ಅಂತ ಕೇಳಿದಾಗ ಎನ್‌ಬಿಎ ಹೆಸರು ಎತ್ತಬೇಡಿ. ನಮ್ಮ ದೇಶದಲ್ಲಿ ಈ ಆಟದಿಂದ ಬದುಕು ಅಂದರೆ ಹೆಚ್ಚಾಗಿ ಕ್ರೀಡಾ ಕೋಟಾದ ಕೆಲಸ: ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕ್. ಅದಕ್ಕೂ ತಾಲ್ಲೂಕು, ಜಿಲ್ಲೆ, ಮೈಸೂರು ವಿಭಾಗ, ರಾಜ್ಯ ಅಂತ ಮೆಟ್ಟಿಲು ಹತ್ತಬೇಕು. ಮುಂದಿನ ಒಂದು ಮೆಟ್ಟಿಲಿನ ಬಗ್ಗೆ ಮಾತ್ರ ಹೇಳಿ.

ನಮ್ಮ ಆರಡಿ ಒಂದಿಂಚಿನ ಹುಡುಗ ಈಗಲೂ ಬರುತ್ತಾನೆ. ಆ ಜಿಲ್ಲಾ ಮ್ಯಾಚ್ ಆದಮೇಲೆ ಒಂದು ತಿಂಗಳು ಬಂದಿರಲಿಲ್ಲ, ಆಮೇಲೆ ತಾನಾಗಿಯೇ ಬಂದು "ಎಡಗೈ ಹೇಳಿಕೊಡಿ ಸರ್" ಅಂದ. ಮೊನ್ನೆ ಕಣದಲ್ಲಿ ಎಡಗಡೆಯಿಂದ ಹತ್ತು ಲೇಅಪ್ ಹಾಕಿಸಿದೆ, ಮೂರು ಬಿತ್ತು. ತಾರೀಕು ಹಾಕಿ ಬರೆದಿಟ್ಟಿದ್ದೇನೆ.