ಯುದ್ಧದ ಕಾದಂಬರಿಯಲ್ಲಿ ಯುದ್ಧವೇ ಯಾಕೆ ಇಷ್ಟು ಕಮ್ಮಿ?

ಓದುಗರ ಪ್ರಶ್ನೆ: ಮೊದಲ ಮಹಾಯುದ್ಧದ ಬಗ್ಗೆ ಇದನ್ನು ಮೀರಿಸಿದ ಕಾದಂಬರಿ ಇಲ್ಲ ಅಂತ ಗೆಳೆಯರೊಬ್ಬರು ಒಂದು ಪುಸ್ತಕ ಕೊಟ್ಟರು. ಅರ್ಧ ಓದಿದ್ದೇನೆ. ಕಾಳಗ ಬರುತ್ತದೆ. ಆದರೆ ಯಾವ ಊರಿಗಾಗಿ ಹೊಡೆದಾಡುತ್ತಿದ್ದಾರೆ, ಗೆದ್ದವರು ಯಾರು, ಒಂದೂ ತಿಳಿಯುವುದಿಲ್ಲ. ಉಳಿದದ್ದೆಲ್ಲ ಬೂಟು, ಊಟ, ರಜೆ, ಅಮ್ಮನ ಕಾಯಿಲೆ. ಯುದ್ಧ ಮನುಷ್ಯರನ್ನು ಏನು ಮಾಡುತ್ತದೆ ಅಂತ ತೋರಿಸಲು ಹೊರಟವರು ಯುದ್ಧವನ್ನೇ ಯಾಕೆ ಹೀಗೆ ಬದಿಗಿಡುತ್ತಾರೆ?

ಪುಸ್ತಕದ ಹೆಸರು ನೀವು ಬರೆದಿಲ್ಲ. ಬೂಟು, ರಜೆ, ಅಮ್ಮನ ಕಾಯಿಲೆ ಅಂದ ಮೇಲೆ ಊಹೆ ಕಷ್ಟವೇನಲ್ಲ. 1929ರಲ್ಲಿ ಪುಸ್ತಕವಾಗಿ ಬಂದ, ಜರ್ಮನಿಯ ಎರಿಕ್ ಮರಿಯಾ ರೆಮಾರ್ಕ್ ಅವರ 'ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್' ಇರಬೇಕು. ಅದೇ ಅಂತ ಇಟ್ಟುಕೊಂಡು ಶುರು ಮಾಡೋಣ.

ಚಿಕ್ಕ ಉತ್ತರ ಇಷ್ಟು. ಗುಂಡು ಹಾರುವುದು ಕೆಲವು ಗಂಟೆ. ಅದು ಮಾಡಿದ್ದೇನು ಅಂತ ಗೊತ್ತಾಗುವುದು ಬದುಕು ಮತ್ತೆ ಮಾಮೂಲಿಯಾಗಿ ನಡೆಯಲು ನೋಡಿದಾಗ. ಊಟದ ಮೇಜಿನಲ್ಲಿ, ಮನೆ ಬಾಗಿಲಲ್ಲಿ, ಮದುವೆ ಮಾತುಕತೆಯಲ್ಲಿ. ಎಲ್ಲಿ ಅದು ನಡೆಯದೆ ಎಡವುತ್ತದೋ ಒಳ್ಳೆಯ ಬರಹಗಾರರು ಅಲ್ಲೇ ಕೂತುಬಿಡುತ್ತಾರೆ.

ಬೂಟಿನ ವಿಷಯವನ್ನೇ ನೋಡಿ. ಕೆಮರಿಖ್ ಎಂಬ ಹುಡುಗನ ಕಾಲು ಕತ್ತರಿಸಿದ್ದಾರೆ. ಅವನು ಉಳಿಯುವುದಿಲ್ಲ ಅಂತ ನೋಡಲು ಬಂದವರಿಗೆಲ್ಲ ಗೊತ್ತು. ಅವನ ಮಂಚದ ಕೆಳಗೆ ಮೆತ್ತನೆಯ ಹಳದಿ ಚರ್ಮದ ಒಳ್ಳೆ ಬೂಟಿದೆ. ಮ್ಯುಲರ್ ಎಂಬ ಗೆಳೆಯನ ಕಣ್ಣು ಅದರ ಮೇಲೆ. ಸಾಯುತ್ತಿರುವವನ ಮುಂದೆಯೇ ಬೂಟು ಕೇಳುತ್ತಾನೆ. ಓದುವಾಗ ನಮಗೆ ಅಸಹ್ಯ ಆಗುತ್ತದೆ. ಆದರೆ ಕಥೆ ಹೇಳುವ ಪಾಲ್‌ಗೆ ಹಾಗೆ ಅನ್ನಿಸುವುದಿಲ್ಲ. ಕೆಮರಿಖ್‌ಗೆ ಉಪಯೋಗ ಆಗುತ್ತದೆ ಅಂದರೆ ಇದೇ ಮ್ಯುಲರ್ ಮುಳ್ಳುತಂತಿಯ ಮೇಲೆ ಬರಿಗಾಲಲ್ಲಿ ಓಡುವವನು. ಈಗ ಆ ಬೂಟಿನಿಂದ ಕೆಮರಿಖ್‌ಗೆ ಏನೂ ಆಗಬೇಕಿಲ್ಲ, ಒಳ್ಳೆ ಬೂಟು ಸಿಗುವುದು ಕಷ್ಟ, ಅಷ್ಟೇ. ಮುಂದೆ ಮ್ಯುಲರ್ ಸಾಯುತ್ತಾನೆ, ಬೂಟು ಪಾಲ್‌ಗೆ ಬರುತ್ತದೆ. ತನ್ನ ನಂತರ ಅದು ಟ್ಯಾಡನ್‌ಗೆ ಅಂತ ಪಾಲ್ ಮೊದಲೇ ಮಾತು ಕೊಟ್ಟಿರುತ್ತಾನೆ. ಹತ್ತೊಂಬತ್ತು ಇಪ್ಪತ್ತರ ಹುಡುಗ ತನ್ನ ಸಾವನ್ನು ಹೀಗೆ ಲೆಕ್ಕಕ್ಕೆ ಹಿಡಿದು ಮಾತಾಡುವುದಿದೆಯಲ್ಲ, ಯುದ್ಧ ಅವನಿಗೆ ಮಾಡಿದ್ದು ಅದು. ಯಾವ ಊರು ಗೆದ್ದರು ಅಂತ ತಿಳಿದರೆ ಇದು ತಿಳಿಯುತ್ತಿರಲಿಲ್ಲ.

ನೀವು ಅರ್ಧ ಓದಿದ್ದೀರಿ ಅಂದರೆ ರಜೆಯ ಅಧ್ಯಾಯ ಮುಗಿದಿರಬೇಕು. ನನ್ನ ಪ್ರಕಾರ ಇಡೀ ಕಾದಂಬರಿಯಲ್ಲಿ ಅತಿ ಭಯಂಕರವಾದ ಭಾಗ ಅದೇ, ಅಲ್ಲಿ ಯಾರೂ ಸಾಯದಿದ್ದರೂ. ಪಾಲ್ ಮನೆಗೆ ಬರುತ್ತಾನೆ. ಹಳೆಯ ಸೂಟ್ ಹಾಕಿಕೊಂಡರೆ ಗಿಡ್ಡವಾಗಿದೆ, ಬಿಗಿಯಾಗಿದೆ. ಅಪ್ಪನಿಗೆ ಯುದ್ಧದ ಕಥೆ ಬೇಕು. ಊರಿನ ದೊಡ್ಡವರು ಕುಡಿಯುತ್ತಾ ಕೂತು, ಯಾವ ಯಾವ ಪ್ರದೇಶ ನಮ್ಮದಾಗಬೇಕು ಅಂತ ಚರ್ಚೆ ಮಾಡುತ್ತಾರೆ, ಪ್ಯಾರಿಸ್ ತನಕ ನುಗ್ಗುವುದು ಹೇಗೆ ಅಂತ ಯುದ್ಧಭೂಮಿಯಿಂದಲೇ ಬಂದವನಿಗೆ ಪಾಠ ಹೇಳುತ್ತಾರೆ. ಅಮ್ಮ ಒಬ್ಬಳು ಮಾತ್ರ, ಅಲ್ಲಿ ತುಂಬಾ ಕಷ್ಟವಾ ಅಂತ ಕೇಳುತ್ತಾಳೆ. ಅವಳಿಗೆ ಅವನು ಸುಳ್ಳು ಹೇಳುತ್ತಾನೆ. ಕೆಮರಿಖ್‌ನ ತಾಯಿಗೂ ಸುಳ್ಳೇ: ನಿಮ್ಮ ಮಗ ನರಳಲಿಲ್ಲ, ತಕ್ಷಣ ಹೋದ. ಕೊನೆಗೆ, ರಜೆಗೆ ಬರಲೇಬಾರದಿತ್ತು ಅನ್ನಿಸಿಬಿಡುತ್ತದೆ ಅವನಿಗೆ.

ಯುದ್ಧ ಕಂಡು ಬಂದವನು ಒಂದು ಕಡೆ, ಮನೆಯಲ್ಲಿ ಉಳಿದವರು ಇನ್ನೊಂದು ಕಡೆ. ಈ ಬಿರುಕು ಆ ಕಾಲದ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅಮೆರಿಕದ ಹೆಮಿಂಗ್ವೇ ಅವರ 'ಸೋಲ್ಜರ್ಸ್ ಹೋಮ್' ಎಂಬ ಸಣ್ಣ ಕಥೆಯಲ್ಲಿ ಕ್ರೆಬ್ಸ್ ಎಂಬುವನು 1919ರಲ್ಲಿ, ಎಲ್ಲರೂ ಬಂದಾದ ಮೇಲೆ ಊರಿಗೆ ಬರುತ್ತಾನೆ. ಹಾರ ತುರಾಯಿಯ ಕಾಲ ಮುಗಿದಿದೆ. ಕ್ರೌರ್ಯದ ಕಥೆಗಳನ್ನು ಊರಿನವರು ಆಗಲೇ ಬೇಕಾದಷ್ಟು ಕೇಳಿದ್ದಾರೆ, ಮಾಮೂಲಿ ನಿಜ ಯಾರಿಗೂ ಬೇಡ. ಹಾಗಾಗಿ ಕೇಳಿಸಿಕೊಳ್ಳಲಿ ಅಂತ ಸಣ್ಣಪುಟ್ಟ ಸುಳ್ಳು ಹೇಳುತ್ತಾನೆ. ಆ ಸುಳ್ಳುಗಳೇ ಅವನ ನಿಜದ ನೆನಪನ್ನೂ ಹಾಳು ಮಾಡುತ್ತವೆ. ತಿಂಡಿಯ ಹೊತ್ತಿನಲ್ಲಿ ಅಮ್ಮ ಕೇಳುತ್ತಾಳೆ, ನಿನಗೆ ನನ್ನ ಮೇಲೆ ಪ್ರೀತಿ ಇಲ್ಲವಾ ಅಂತ. ಇಲ್ಲ, ಯಾರ ಮೇಲೂ ಇಲ್ಲ ಅನ್ನುತ್ತಾನೆ. ಆಮೇಲೆ ಅವಳು ಅಳುವುದನ್ನು ನೋಡಲಾಗದೆ ಅದನ್ನೂ ಸುಳ್ಳಿನಿಂದ ಮುಚ್ಚುತ್ತಾನೆ. ಇಡೀ ಕಥೆಯಲ್ಲಿ ಒಂದೇ ಒಂದು ಗುಂಡಿನ ಸದ್ದಿಲ್ಲ.

ಇಂಗ್ಲೆಂಡಿನ ಕವಿ ವಿಲ್ಫ್ರೆಡ್ ಓವನ್ ಈ ಬಿರುಕಿನ ಬಗ್ಗೆ ಸಿಟ್ಟಿನಿಂದಲೇ ಬರೆದರು. ವಿಷದ ಅನಿಲಕ್ಕೆ ಸಿಕ್ಕಿ ಒದ್ದಾಡುವ ಸೈನಿಕನನ್ನು ಕಣ್ಣಿಗೆ ಕಟ್ಟಿ, ಇದನ್ನು ನೋಡಿದ್ದರೆ ದೇಶಕ್ಕಾಗಿ ಸಾಯುವುದು ಎಷ್ಟು ಚಂದ ಅಂತ ಮಕ್ಕಳಿಗೆ ಹೇಳಿಕೊಡುತ್ತಿರಲಿಲ್ಲ ನೀವು ಅಂತ ಓದುಗರನ್ನೇ ಕೇಳಿದರು. ಅವರು ಸತ್ತದ್ದು 1918ರ ನವೆಂಬರ್ 4ರಂದು. ಮನೆಗೆ ತಂತಿ ಬಂದದ್ದು ನವೆಂಬರ್ 11ರಂದು, ಯುದ್ಧ ನಿಂತ ದಿನ.

ಮನಸ್ಸಿಗೆ ಬಿದ್ದ ಪೆಟ್ಟಿನ ವಿಷಯದಲ್ಲಿ ಸಾಹಿತ್ಯ ವೈದ್ಯಶಾಸ್ತ್ರಕ್ಕಿಂತ ಮುಂದಿತ್ತು ಅಂತ ಧೈರ್ಯವಾಗಿ ಹೇಳಬಹುದು. ಯುದ್ಧದಲ್ಲಿ ಸೈನಿಕರ ಮನಸ್ಸು ಕುಸಿಯುವುದಕ್ಕೆ 'ಶೆಲ್ ಶಾಕ್' ಎಂಬ ಹೆಸರು ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 1915ರಲ್ಲಿ. ಆಘಾತ ಕಳೆದ ಮೇಲೂ ಮನಸ್ಸನ್ನು ಕಾಡುವ, ಇವತ್ತು ಪಿಟಿಎಸ್‌ಡಿ ಅನ್ನುವ ಕಾಯಿಲೆ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ. ನಡುವೆ, 1925ರಲ್ಲೇ, ವರ್ಜೀನಿಯಾ ವುಲ್ಫ್ 'ಮಿಸೆಸ್ ಡ್ಯಾಲೊವೇ'ಯಲ್ಲಿ ಸೆಪ್ಟಿಮಸ್ ಎಂಬ ಮಾಜಿ ಸೈನಿಕನನ್ನು ಚಿತ್ರಿಸಿದರು. ಆಪ್ತನಾದ ಇವಾನ್ಸ್ ಸತ್ತಾಗ ತನಗೆ ಜಾಸ್ತಿ ದುಃಖ ಆಗಲಿಲ್ಲವಲ್ಲ ಅಂತ ಅವನು ಆಗ ಸಮಾಧಾನಪಟ್ಟುಕೊಂಡಿದ್ದ. ಭಯ ಶುರುವಾದದ್ದು ಆಮೇಲೆ, ಯಾವುದಕ್ಕೂ ಏನೂ ಅನ್ನಿಸುತ್ತಲೇ ಇಲ್ಲ ಅಂತ ಗೊತ್ತಾದಾಗ. ಒಬ್ಬ ಡಾಕ್ಟರು ಅವನನ್ನು ನೋಡಿ, ನಿನಗೇನೂ ಆಗಿಲ್ಲ ಅನ್ನುತ್ತಾರೆ. ಕಾದಂಬರಿ ನಡೆಯುವುದು ಯುದ್ಧ ಮುಗಿದು ಐದು ವರ್ಷದ ಮೇಲೆ, ಲಂಡನ್ನಿನಲ್ಲಿ ಬಿಸಿಲಿರುವ ಒಂದು ಜೂನ್ ದಿನ. ಸತ್ತ ಇವಾನ್ಸ್ ಪಾರ್ಕಿನಲ್ಲಿ ಎದುರಿಗೆ ಬರುತ್ತಾನೆ.

ಇಂಥ ಅನುಭವವನ್ನು ಮೊದಲಿನಿಂದ ಕೊನೆಗೆ ಸಾಲಾಗಿ ಹೇಳಲು ಬರುವುದಿಲ್ಲ. ಅಮೆರಿಕದ ಲೇಖಕ ಕರ್ಟ್ ವಾನೆಗಟ್ 1945ರ ಫೆಬ್ರವರಿಯಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಯುದ್ಧಕೈದಿ. ನಗರ ಬಾಂಬಿಗೆ ಸುಟ್ಟುಹೋದಾಗ ಕಸಾಯಿಖಾನೆಯ ನೆಲಮಾಳಿಗೆಯಲ್ಲಿದ್ದು ಬದುಕಿಕೊಂಡರು. ಅದನ್ನು ಬರೆಯಲು 1969ರ ತನಕ ಹಿಡಿಯಿತು. 'ಸ್ಲಾಟರ್‌ಹೌಸ್-ಫೈವ್' ಕಾದಂಬರಿಯ ಬಿಲ್ಲಿ ಪಿಲ್‌ಗ್ರಿಮ್‌ಗೆ ಕಾಲ ಸಾಲಾಗಿ ಸಾಗುವುದೇ ಇಲ್ಲ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುದುಕ, ಮತ್ತೆ ಕೈದಿ, ಮತ್ತೆ ಮದುಮಗ. ಮೊದಲ ಸಲ ಓದುವವರಿಗೆ ತಲೆ ಕೆಡುತ್ತದೆ, ಸುಳ್ಳಲ್ಲ. ತಲೆ ಕೆಡಲಿ ಅಂತಲೇ ಹಾಗೆ ಬರೆದದ್ದು.

ಇನ್ನು ಸೈನಿಕರಲ್ಲದವರ ಮಾತು. ಇಲ್ಲಿ ನಾನು ಮೊದಲು ಹೆಸರಿಸುವುದು ಜಪಾನಿನ ಮಸುಜಿ ಇಬುಸೆ ಅವರ 'ಬ್ಲ್ಯಾಕ್ ರೇನ್', 1966ರ ಕಾದಂಬರಿ. ವಿಷಯ ಹಿರೊಶಿಮಾದ ಅಣುಬಾಂಬ್. ಕಥೆ ಶುರುವಾಗುವುದು ಒಂದು ಮದುವೆ ಸಂಬಂಧದಿಂದ. ಶಿಗೆಮಾತ್ಸು ಎಂಬುವನ ಮನೆಯಲ್ಲಿ ಯಾಸುಕೊ ಎಂಬ ಮದುವೆ ವಯಸ್ಸಿನ ಹುಡುಗಿ ಇದ್ದಾಳೆ, ಹತ್ತಿರದ ಸಂಬಂಧಿ. ಬಾಂಬ್ ಬಿದ್ದ ದಿನ ಅವಳು ನಗರದಲ್ಲಿದ್ದಳಂತೆ ಅಂತ ಹಳ್ಳಿಯಲ್ಲಿ ಗುಸುಗುಸು. ಬಂದ ಸಂಬಂಧಗಳೆಲ್ಲ ಮುರಿದು ಬೀಳುತ್ತವೆ. ಕೊನೆಗೆ ಒಂದು ಒಳ್ಳೆ ಸಂಬಂಧ ಬಂದಾಗ, ಅವಳು ಬಾಂಬ್ ಬಿದ್ದ ಜಾಗದಲ್ಲಿ ಇರಲೇ ಇಲ್ಲ ಅಂತ ತೋರಿಸಲು ಶಿಗೆಮಾತ್ಸು ಆ ದಿನಗಳ ಡೈರಿಯನ್ನು ನಕಲು ಮಾಡಲು ಕೂರುತ್ತಾನೆ. ಆದರೆ ಅವಳು ನಗರದ ಕಡೆಗೆ ಬರುವಾಗ ಬಾಂಬಿನ ವಿಕಿರಣದ ಬೂದಿ ಬೆರೆತ ಕಪ್ಪು ಮಳೆ ಮೈಮೇಲೆ ಬಿದ್ದಿತ್ತು. ಅದನ್ನು ಬರೆಯುವುದೋ ಬಿಡುವುದೋ? ಹೀಗೆ ಪುಟ ತಿರುವುತ್ತಿರುವಾಗಲೇ ಹುಡುಗಿಗೆ ಕಾಯಿಲೆ ಕಾಣಿಸಿಕೊಳ್ಳುತ್ತದೆ.

ಅಣುಬಾಂಬ್ ಬಿದ್ದ ನಗರದ ವರ್ಣನೆ ಅದರಲ್ಲಿ ಬೇಕಾದಷ್ಟಿದೆ, ಓದಲಾಗದಷ್ಟಿದೆ. ಆದರೂ ಮನಸ್ಸಿನಲ್ಲಿ ಉಳಿಯುವುದು ಬೇರೆ. ಭಾರದ ಕೆಲಸ ಮಾಡಬಾರದು ಅಂತ ಡಾಕ್ಟರು ಹೇಳಿದ್ದಕ್ಕೆ ಶಿಗೆಮಾತ್ಸು ಮತ್ತು ಅವನಂತೆಯೇ ಕಾಯಿಲೆ ಬಿದ್ದ ಗೆಳೆಯರು ಕೆರೆಯ ದಂಡೆಯಲ್ಲಿ ಮೀನು ಹಿಡಿಯುತ್ತಾರೆ. ದಾರಿಯಲ್ಲಿ ಹೋಗುವ ಹೆಂಗಸೊಬ್ಬಳು, ಎಲ್ಲರೂ ದುಡಿಯುವ ಹೊತ್ತಿನಲ್ಲಿ ನಿಮಗೇನಪ್ಪ ಆರಾಮ ಅಂತ ಚುಚ್ಚುತ್ತಾಳೆ. ನೋಡಲು ಗಾಯವಿಲ್ಲದ ಕಾಯಿಲೆಯವರನ್ನು ಸೋಮಾರಿ ಅನ್ನುವ ಊರು. ಬಾಂಬ್ ಮಾಡುವ ಹಾನಿಯಲ್ಲಿ ಅದೂ ಸೇರಿತು ಅಂತ ನಮಗೆ ಹೊಳೆಯುವುದು ಅಲ್ಲಿ.

ಇದೆಲ್ಲ ಇಪ್ಪತ್ತನೇ ಶತಮಾನದ ಕಥೆ, ಹಳೆಯ ಕಾವ್ಯಗಳಲ್ಲಿ ಬರೀ ಶೌರ್ಯವೇ ತುಂಬಿತ್ತಲ್ಲ ಅಂತ ನೀವು ಕೇಳಬಹುದು. ಶೌರ್ಯ ಧಾರಾಳವಾಗಿ ಇತ್ತು, ನಿಜ. ಆದರೆ ಗ್ರೀಕರ ಕಾವ್ಯ 'ಇಲಿಯಡ್' ಮುಗಿಯುವುದು ಟ್ರಾಯ್ ನಗರ ಬೀಳುವುದರಿಂದ ಅಲ್ಲವೇ ಅಲ್ಲ, ಆ ನಗರದ ರಾಜಕುಮಾರ ಹೆಕ್ಟರನ ಶವಸಂಸ್ಕಾರದಿಂದ. ಅದಕ್ಕೂ ಮೊದಲು ಮುದುಕ ತಂದೆಯೊಬ್ಬ ಮಗನನ್ನು ಕೊಂದವನ ಕೈಗೆ ಮುತ್ತಿಟ್ಟು ಹೆಣ ಬೇಡುತ್ತಾನೆ. ಯುದ್ಧಕ್ಕೆ ಹೊರಟ ಹೆಕ್ಟರ್ ಮಗುವನ್ನು ಎತ್ತಿಕೊಳ್ಳಲು ಹೋದರೆ, ಕೂಸು ಅವನ ಶಿರಸ್ತ್ರಾಣ ಕಂಡು ಹೆದರಿ ಅಳುತ್ತದೆ. ಅಪ್ಪ ನಕ್ಕು ಅದನ್ನು ತೆಗೆದು ನೆಲದ ಮೇಲಿಡುತ್ತಾನೆ. ನಮ್ಮ ರನ್ನನ 'ಗದಾಯುದ್ಧ'ದಲ್ಲಿ ಗದೆಯ ಕಾಳಗಕ್ಕಿಂತ ಮೊದಲು ದುರ್ಯೋಧನ ಹೆಣಗಳ ನಡುವೆ ನಡೆಯುವ ಭಾಗವಿದೆ. ಮಗ ಲಕ್ಷಣನ ಹೆಣದ ಮುಂದೆ ನಿಂತು, ಅಪ್ಪನಿಗೆ ಮಗ ತರ್ಪಣ ಬಿಡಬೇಕು, ಕ್ರಮ ತಪ್ಪಿಸಿ ನಾನೇ ನಿನಗೆ ಬಿಡುವಂತೆ ಮಾಡಿದೆಯಲ್ಲ ಅಂತ ಅಳುತ್ತಾನೆ. ಯುದ್ಧ ಬೇಕೇ ಬೇಕು ಅಂದವನ ಬಾಯಲ್ಲೇ ಈ ಮಾತು ಹಾಕಿದ್ದಾನೆ ರನ್ನ. ಸಾವಿರ ವರ್ಷದ ಹಿಂದೆ.

ಒಂದು ತಕರಾರು ಮಾತ್ರ ನನಗೂ ಇದೆ. ಸೈನಿಕ ಪಾಪ, ಅವನೂ ಬಲಿಪಶು ಅನ್ನುವ ಕಡೆಗೇ ವಾಲಿದ ಪುಸ್ತಕಗಳು ಜಾಸ್ತಿ. ಅವನ ಕೈಯಲ್ಲಿ ಬಂದೂಕು ಇತ್ತು, ಅದರ ಮುಂದೆ ಯಾರೋ ಇದ್ದರು. ಅದನ್ನು ಬಿಟ್ಟರೆ ಲೆಕ್ಕ ಅರ್ಧವೇ. ಚಿಮಮಾಂಡ ಅಡಿಚಿ ಅವರ 'ಹಾಫ್ ಆಫ್ ಎ ಯೆಲ್ಲೊ ಸನ್' ನೈಜೀರಿಯಾದ ಬಯಾಫ್ರಾ ಯುದ್ಧದ ಕಾದಂಬರಿ, 1967ರಿಂದ 1970ರವರೆಗಿನ ಕಾಲ. ಅದರಲ್ಲಿ ಉಗ್ವು ಎಂಬ ಮನೆಗೆಲಸದ ಹುಡುಗನ ಮೇಲೆ ನಮಗೆ ಮೊದಲ ಪುಟದಿಂದ ಅಕ್ಕರೆ ಬೆಳೆದಿರುತ್ತದೆ. ಅವನನ್ನು ಬಲವಂತವಾಗಿ ಸೇನೆಗೆ ಎಳೆದೊಯ್ಯುತ್ತಾರೆ. ಅಲ್ಲಿ ಅವನು ಒಂದು ಸಾಮೂಹಿಕ ಅತ್ಯಾಚಾರದಲ್ಲಿ ಪಾಲುದಾರ ಆಗುತ್ತಾನೆ. ಅಡಿಚಿ ಅವನನ್ನು ಕ್ಷಮಿಸಿ ಅಂತಲೂ ಹೇಳುವುದಿಲ್ಲ, ಕೈಬಿಡಿ ಅಂತಲೂ ಹೇಳುವುದಿಲ್ಲ. ಆ ಅಕ್ಕರೆಯನ್ನು ಇಟ್ಟುಕೊಂಡೇ ಮುಂದೆ ಓದಬೇಕು ನಾವು. ಬಹಳ ಕಷ್ಟದ ಓದು.

ಗೆದ್ದವರ ಕಡೆಯಲ್ಲೂ ಬಾಯಿ ಮುಚ್ಚಿಸಿಕೊಂಡವರಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಪರವಾಗಿ ಲಕ್ಷಾಂತರ ಹೆಂಗಸರು ಸೇನೆಯಲ್ಲಿದ್ದರು. ಸ್ನೈಪರ್, ಪೈಲಟ್, ನರ್ಸ್, ಬಟ್ಟೆ ಒಗೆಯುವವರು ಎಲ್ಲರೂ. ಸ್ವೆಟ್ಲಾನಾ ಅಲೆಕ್ಸಿಯೆವಿಚ್ ವರ್ಷಗಟ್ಟಲೆ ಅವರ ಮಾತು ಕೇಳಿ ಬರೆದ ಪುಸ್ತಕ, 'ದ ಅನ್‌ವುಮನ್ಲಿ ಫೇಸ್ ಆಫ್ ವಾರ್', 1985ರಲ್ಲಿ ಬಂತು, ಕತ್ತರಿ ಹಾಕಿಸಿಕೊಂಡೇ. ಊರಿಗೆ ವಾಪಸ್ ಬಂದ ಗಂಡಸರು ಪದಕ ಹಾಕಿಕೊಂಡು ಓಡಾಡಿದರು. ಹೆಂಗಸರು ಅದನ್ನು ಬಚ್ಚಿಟ್ಟರು. ಅಷ್ಟು ಗಂಡಸರ ನಡುವೆ ಇದ್ದವಳು ಅಂತ ಅಕ್ಕಪಕ್ಕದವರು ಆಡಿಕೊಳ್ಳುತ್ತಾರಲ್ಲ, ಆಮೇಲೆ ಮದುವೆ ಆಗುವುದು ಹೇಗೆ? 2015ರಲ್ಲಿ ಅಲೆಕ್ಸಿಯೆವಿಚ್ ಅವರಿಗೆ ನೊಬೆಲ್ ಬಂತು.

ಇಂಥ ಪುಸ್ತಕಗಳಿಂದ ಯುದ್ಧ ಯಾಕೆ ಶುರುವಾಯಿತು, ಯಾವ ಸೇನಾಪತಿ ಎಲ್ಲಿ ಎಡವಿದ ಅಂತ ತಿಳಿಯುವುದಿಲ್ಲ. ಅದಕ್ಕೆ ಇತಿಹಾಸದ ಪುಸ್ತಕವೇ ಬೇಕು, ಪಕ್ಕದಲ್ಲಿ ಒಂದು ಇಟ್ಟುಕೊಳ್ಳಿ. ಮುಂದೆ ಏನು ಓದಲಿ ಅಂದರೆ, ಹೆಮಿಂಗ್ವೇ ಕಥೆಯನ್ನು ಮೊದಲು ಮುಗಿಸಿ, ಒಂದೇ ಕೂರುವಿಕೆಗೆ ಆಗುತ್ತದೆ. ಆಮೇಲೆ ಇಬುಸೆ. ವಾನೆಗಟ್ ಯಾವಾಗ ಬೇಕಾದರೂ ಓದಬಹುದು. ಅಲೆಕ್ಸಿಯೆವಿಚ್ ಪುಸ್ತಕವನ್ನು ಮಾತ್ರ ಒಂದೇ ಉಸಿರಿಗೆ ಓದಲು ಹೋಗಬೇಡಿ. ದಿನಕ್ಕೆ ನಾಲ್ಕೈದು ಜನರ ಮಾತು ಸಾಕು.