ಇಂಜೆಕ್ಷನ್ ನಿಲ್ಲಿಸಿದರೆ ಇಳಿದ ತೂಕ ಮತ್ತೆ ಬರುತ್ತಾ?

ಪ್ರಶ್ನೆ: ಒಂದು ವರ್ಷದಿಂದ ತೂಕ ಇಳಿಸುವ ಮೌಂಜಾರೋ ಇಂಜೆಕ್ಷನ್ ತಗೊಳ್ತಿದ್ದೇನೆ. 86 ಕೆ.ಜಿ. ಇದ್ದವಳು ಈಗ 71. ಖರ್ಚು ಜಾಸ್ತಿ, ನಿಲ್ಲಿಸೋಣ ಅಂತಿದ್ದೇನೆ. ಊಟ ಸರಿಯಾಗಿ ನೋಡಿಕೊಂಡರೆ ಸಾಕಲ್ವಾ? (ಗೋಣಿಕೊಪ್ಪದ ಓದುಗರು)

ಊಟ ಬೇಕೇ ಬೇಕು. ಆದರೆ ಊಟ ಒಂದೇ ಸಾಕು ಅಂತ ನಾನು ಹೇಳಲಾರೆ.

ಮೌಂಜಾರೋದಲ್ಲಿರುವ ಔಷಧಿ ಟಿರ್ಜೆಪಟೈಡ್. ಇದನ್ನು ನಿಲ್ಲಿಸಿದರೆ ಏನಾಗುತ್ತದೆ ಅಂತಲೇ ಒಂದು ದೊಡ್ಡ ಅಧ್ಯಯನ ನಡೆದಿದೆ. 36 ವಾರ ಎಲ್ಲರಿಗೂ ಔಷಧಿ ಕೊಟ್ಟರು, ಸರಾಸರಿ ಶೇ. 21ರಷ್ಟು ತೂಕ ಇಳಿಯಿತು. ಆಮೇಲೆ ಅರ್ಧ ಜನಕ್ಕೆ ಔಷಧಿ ಇಲ್ಲದ ಇಂಜೆಕ್ಷನ್ ಕೊಟ್ಟರು. ಮುಂದಿನ 52 ವಾರದಲ್ಲಿ ಅವರ ತೂಕ ಶೇ. 14ರಷ್ಟು ಏರಿತು, ಮುಂದುವರಿಸಿದವರದು ಇನ್ನೂ ಇಳಿಯಿತು. ಗಮನಿಸಿ, ಊಟ ಮತ್ತು ವ್ಯಾಯಾಮದ ಸಲಹೆ ಎರಡೂ ಗುಂಪಿಗೆ ಸಿಗುತ್ತಲೇ ಇತ್ತು. ಹಾಗಿದ್ದೂ, ಇಳಿದದ್ದರಲ್ಲಿ ಶೇ. 80ರಷ್ಟನ್ನಾದರೂ ಉಳಿಸಿಕೊಂಡವರು ಬಿಟ್ಟವರಲ್ಲಿ ಆರಕ್ಕೆ ಒಬ್ಬರು, ಮುಂದುವರಿಸಿದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು.

ಇದು ಮನಸ್ಸು ಗಟ್ಟಿ ಇಲ್ಲದ್ದಕ್ಕೆ ಆಗುವುದಲ್ಲ. ದಯವಿಟ್ಟು ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಊಟ ಮಾಡಿದಾಗ ಕರುಳು ಬಿಡುವ ಹಾರ್ಮೋನುಗಳ ಕೆಲಸವನ್ನು ಈ ಔಷಧಿ ಮಾಡುತ್ತದೆ, ಹೊಟ್ಟೆ ತುಂಬಿತು ಅಂತ ಮೆದುಳಿಗೆ ಹೇಳುತ್ತದೆ. ಬಿಟ್ಟರೆ ಆ ಮಾತು ನಿಲ್ಲುತ್ತದೆ. ಅದರ ಜೊತೆಗೆ, ತೂಕ ಇಳಿದ ದೇಹ ಹಸಿವನ್ನೇ ಹೆಚ್ಚಿಸುತ್ತದೆ. 2011ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ತೋರಿಸಿದ್ದು ಇದನ್ನೇ, ಬರೀ ಡಯಟ್‌ನಿಂದ ತೂಕ ಇಳಿಸಿದವರಲ್ಲಿ ವರ್ಷ ಕಳೆದರೂ ಹಸಿವಿನ ಹಾರ್ಮೋನ್ ಜಾಸ್ತಿಯೇ ಇತ್ತು. ಕೊನೆಯ ಇಂಜೆಕ್ಷನ್ ದೇಹದಿಂದ ಹೋಗಲು ಕೆಲವು ವಾರ ಬೇಕು. ಹಾಗಾಗಿ ಮೊದಲ ತಿಂಗಳು ಏನೂ ಆಗಲಿಲ್ಲವಲ್ಲ ಅಂತ ಸಮಾಧಾನ ಆಗುತ್ತದೆ, ಹಸಿವು ಬರುವುದು ಆಮೇಲೆ.

ಹಾಗಾದರೆ ಗಮನವಿಟ್ಟು ತಿನ್ನುವುದರಿಂದ ಏನು ಲಾಭ? ತುಂಬಾ ಇದೆ, ಮತ್ತು ಅದನ್ನು ಕಲಿಯಬೇಕಾದ್ದು ಈಗಲೇ, ಔಷಧಿ ಹಸಿವನ್ನು ತಗ್ಗಿಸಿರುವಾಗ. ನಮ್ಮ ಕೊಡಗಿನ ಕಡೆ ಕಷ್ಟ ಇರುವುದು ಪಂದಿ ಕರಿಯಲ್ಲಿ, ಅಂದರೆ ಹಂದಿ ಮಾಂಸದ ಸಾರಿನಲ್ಲಿ ಅಲ್ಲ, ಅದರ ಜೊತೆ ಲೆಕ್ಕ ಇಲ್ಲದೆ ತಟ್ಟೆಗೆ ಬೀಳುವ ಅಕ್ಕಿ ತರಿಯ ಉಂಡೆ ಕಡಂಬುಟ್ಟಿನಲ್ಲಿ. ಕೈಲ್ ಮುಹೂರ್ತ ಹಬ್ಬಕ್ಕೆ ನೆಂಟರ ಮನೆಗೆ ಹೋದರೆ "ಇನ್ನೊಂದು ಹಾಕ್ಕೊಳ್ಳಿ" ಅನ್ನುವ ಪ್ರೀತಿಗೆ ಬೇಡ ಅನ್ನಲು ಆಗುವುದಿಲ್ಲ, ನನಗೂ ಆಗುವುದಿಲ್ಲ. ಅದಕ್ಕೆ ಮೊದಲೇ ಎರಡು ಕಡಂಬುಟ್ಟು ಅಂತ ತೀರ್ಮಾನ ಮಾಡಿ, ಒಂದು ಹಾಕಿಸಿಕೊಂಡು ಕೂರಿ, ಎರಡನೆಯದು ಅವರು ಬಡಿಸಲಿ. ಕೊಬ್ಬಿಲ್ಲದ ಮಾಂಸದ ತುಂಡು, ಬೈಂಬಳೆ (ಕಳಲೆ), ಸೊಪ್ಪು ಮೊದಲು ತಿನ್ನಿ. ಕೊಬ್ಬು ಜಾಸ್ತಿ ತಿಂದರೆ ಈ ಔಷಧಿಯಲ್ಲಿರುವವರಿಗೆ ವಾಕರಿಕೆ ಬರುವುದೂ ಉಂಟು. ಅರ್ಧ ಊಟವಾದಾಗ ಕೈ ನಿಲ್ಲಿಸಿ, ಹಸಿವು ಇನ್ನೂ ಇದೆಯಾ ಅಂತ ನೋಡಿಕೊಳ್ಳಿ. ಬೆಲ್ಲದ ಕಾಫಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಳಿದ ತೂಕದಲ್ಲಿ ಸ್ನಾಯುವೂ ಸೇರಿರುತ್ತದೆ. ದಿನಾ ಮೊಟ್ಟೆ, ಮೀನು, ಹುರುಳಿ, ಕಡಲೆ ಯಾವುದಾದರೂ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ, ಜಿಗಣೆ ಮಧ್ಯೆ, ವಾಕಿಂಗ್ ಹೋಗಿ ಅಂತ ಹೇಳುವುದು ಸುಲಭ. ಒಳಗೇ ಕುರ್ಚಿಯಿಂದ ಕೈ ಊರದೆ ಎದ್ದು ಕೂತು ಮಾಡಿ, ನೀರು ತುಂಬಿದ ಬಾಟಲಿ ಎತ್ತಿ. ಸ್ನಾಯು ಉಳಿಯಲು ವಾಕಿಂಗ್‌ಗಿಂತ ಇದೇ ಮೇಲು.

ಖರ್ಚಿನ ಮಾತನ್ನು ಡಾಕ್ಟರ ಹತ್ತಿರ ಮುಚ್ಚಿಡದೆ ಹೇಳಿ. ಕಡಿಮೆ ಡೋಸ್ ಸಾಕಾ, ಬೇರೆ ಔಷಧಿ ಆಗುತ್ತದಾ ಅಂತ ಕೇಳಿ. ಸಕ್ಕರೆ ಕಾಯಿಲೆ ಇದ್ದರಂತೂ ನೀವಾಗಿಯೇ ನಿಲ್ಲಿಸಲೇಬೇಡಿ. ನಿಲ್ಲಿಸುವುದೇ ಆದರೆ ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ತಿಂಡಿಗೆ ಮೊದಲು ತೂಕ ನೋಡಿ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆಯಿರಿ. 74 ಕಂಡ ದಿನ, ಮುಂದಿನ ಹಬ್ಬ ಕಳೆಯಲಿ ಅಂತ ಕಾಯದೆ, ಡಾಕ್ಟರಿಗೆ ಫೋನ್ ಮಾಡಿ.